ಮೂರನೆಯ ಪುಸ್ತಕದ ಗಂಗೂ

ಅಕ್ಕ ಫೋನ್ ಮಾಡಿದಾಗ ನಾನು ಶಾಲೆಯ ಹೊಸ ಪಠ್ಯಪುಸ್ತಕಗಳಿಗೆ ರಟ್ಟು ಹಾಕುತ್ತ ಕೂತಿದ್ದೆ. ಜೂನ್ ಬಂತೆಂದರೆ ನಮ್ಮೂರಿನ ಶಿಕ್ಷಕರಿಗೆಲ್ಲ ಇದೇ ಕೆಲಸ, ಯಾಕೆಂದರೆ ಹೋದ ವರ್ಷದ ಪುಸ್ತಕ ಈ ವರ್ಷಕ್ಕೆ ನಡೆಯುವುದಿಲ್ಲ. ಬೇರೆ ಊರುಗಳಲ್ಲಿ ಪುಸ್ತಕದ ಹಾಳೆಗಳು ಮಾತ್ರ ಹಳತಾಗುತ್ತವಂತೆ. ನಮ್ಮಲ್ಲಿ ಒಳಗಿರುವವರಿಗೂ ವಯಸ್ಸಾಗುತ್ತದೆ. ಒಂದನೇ ತರಗತಿಯ ಪಾಠದಲ್ಲಿ ಅಜ್ಜನ ಕೈ ಹಿಡಿದು ಸಂತೆಗೆ ಹೋಗುವ ಹುಡುಗ ನಾಲ್ಕು ವರ್ಷ ಬಿಟ್ಟು ನೋಡಿದರೆ ಒಬ್ಬನೇ ಹೋಗುತ್ತಿರುತ್ತಾನೆ, ಅಜ್ಜ ಮನೆಯಲ್ಲಿ ಮಲಗಿರುತ್ತಾನೆ. ಗಣಿತದ ಪುಸ್ತಕದಲ್ಲಿ ಎದುರುಬದುರಾಗಿ ಹೊರಟ ರೈಲುಗಳು ಎಂದೋ ಒಂದನ್ನೊಂದು ದಾಟಿ ತಂತಮ್ಮ ಊರು ಸೇರಿಬಿಟ್ಟಿರುತ್ತವೆ. ಮಕ್ಕಳಿಗೆ ಬಿಡಿಸಲು ಲೆಕ್ಕವೇ ಉಳಿದಿರುವುದಿಲ್ಲ.

ಇದನ್ನು ನಾವು ಯಾರೂ ದೊಡ್ಡದು ಮಾಡಿದವರಲ್ಲ. ಮದುವೆಯಲ್ಲಿ ಕಾದಂಬರಿ ಉಡುಗೊರೆ ಕೊಟ್ಟರೆ ಆ ವರ್ಷವೇ ಓದಿ ಮುಗಿಸುತ್ತೇವೆ. ಹತ್ತು ವರ್ಷ ಇಟ್ಟುಕೊಂಡರೆ ಅದರೊಳಗಿನ ಪ್ರೇಮಿಗಳು ಕರೆಂಟ್ ಬಿಲ್ಲಿನ ಮೇಲೆ ಜಗಳವಾಡುವುದನ್ನು ಓದಬೇಕಾಗುತ್ತದೆ. ಪತ್ತೇದಾರಿ ಕಥೆಯ ಕೊಲೆಗಾರ ಶಿಕ್ಷೆ ಮುಗಿಸಿ ಊರಿಗೆ ಬಂದು ಹಿಟ್ಟಿನ ಗಿರಣಿ ಇಟ್ಟುಕೊಂಡಿರುತ್ತಾನೆ. ಅಡುಗೆ ಪುಸ್ತಕಗಳು ವರ್ಷ ಕಳೆದಂತೆ ಖಾರ ಕಡಿಮೆ ಮಾಡುತ್ತ ಕಡೆಗೆ ಗಂಜಿಗೆ ಬಂದು ನಿಲ್ಲುತ್ತವೆ. ದೇವರ ಪುಸ್ತಕಗಳಿಗೆ ಮಾತ್ರ ಏನೂ ಆಗುವುದಿಲ್ಲ, ದೇವರು ಎಷ್ಟೆಂದರೂ ದೇವರು. ಊರಿನ ಗ್ರಂಥಾಲಯ ನೋಡಿಕೊಳ್ಳುವುದು ನಮ್ಮವರೇ, ಎಂದರೆ ನನ್ನ ಗಂಡ. ಅಲ್ಲಿ ಹಿಂದಿನ ಕೋಣೆಯಲ್ಲಿ ಮುದುಕರು ಬಂದು ತಮ್ಮ ಹಳೆಯ ಪುಸ್ತಕಗಳನ್ನು ತೆಗೆದು, ನಂಟರ ಮನೆಗೆ ಹೋಗಿಬಂದ ಹಾಗೆ ನಾಲ್ಕು ಪುಟ ಓದಿ ಹೋಗುತ್ತಾರೆ. ಕೆಲವೊಮ್ಮೆ ಪುಸ್ತಕದೊಳಗಿನವರು ತೀರಿಕೊಂಡಿರುತ್ತಾರೆ. ಅಂಥ ಪುಟ ಓದಿದವರ ಮನೆಯಲ್ಲಿ ಅಂದು ಒಲೆ ಹಚ್ಚುವುದಿಲ್ಲ.

"ದಾನೂ" ಎಂದಳು ಅಕ್ಕ ಫೋನಿನಲ್ಲಿ. ಅಕ್ಕನ ದನಿ ಎಂದು ಗುರುತು ಹತ್ತಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮರಳಿನ ಮೇಲೆ ಡಬ್ಬ ಎಳೆದ ಹಾಗಿತ್ತು.

"ಅಕ್ಕಾ? ನೆಗಡಿ ಆಗೇತೇನ?"

"ನೆಗಡಿ ಅಲ್ಲವಾ. ಗಂಟಲಾಗ ಗಡ್ಡಿ ಆಗೇತಿ. ಕೆಟ್ಟದಂತ. ದನಿಪೆಟಗಿನ ತಗೀಬೇಕಂತ ಡಾಕ್ಟರ್ ಹೇಳ್ಯಾರ. ಎಲಿ ಅಡಿಕಿ ಸೈತ ತಿಂದಾಕಿ ಅಲ್ಲ ನಾ, ನೋಡು."

ಅವಳೇ ಮುಂದುವರಿಸಿದಳು. "ಅಳಬ್ಯಾಡ. ಜೀವಕ್ಕೇನೂ ಇಲ್ಲಂತ. ಮಾತ ಅಷ್ಟ ಹೋಗ್ತೈತಿ. ಮುಂದಿನ ವಾರ ಆಪರೇಶನ್. ನೀ ಬಾ. ಬರೂಮುಂದ ಮೂರನೇ ಪುಸ್ತಕ ತಗೊಂಡ ಬಾ."

ಯಾವ ಮೂರನೇ ಪುಸ್ತಕ ಎಂದು ನಾನು ಕೇಳಲಿಲ್ಲ. ನಮ್ಮಿಬ್ಬರಿಗೂ ಇದ್ದದ್ದು ಒಂದೇ ಮೂರನೇ ಪುಸ್ತಕ.

ನನಗೆ ಎಂಟು ವರ್ಷ, ಕಸ್ತೂರಿ ಅಕ್ಕನಿಗೆ ಹನ್ನೊಂದು ವರ್ಷವಿದ್ದಾಗ ಅಪ್ಪ ಬಸ್ ನಿಲ್ದಾಣದಲ್ಲಿ ಪುಸ್ತಕ ಮಾರುವವನ ಹತ್ತಿರ 'ಬಾವಡಿಯ ಕೆಳಗಿನ ಊರು' ಎಂಬ ಮೂರು ಭಾಗಗಳ ಕಥೆ ಕೊಂಡು ತಂದಿದ್ದರು. ಕಥೆ ನಡೆಯುವುದು ಬಿಜಾಪುರದಲ್ಲಿ. ಟಾಂಗಾದವನ ಮಗಳು ಗಂಗೂ, ಗೋಲಗುಮ್ಮಟದ ಮುಂದೆ ಶೇಂಗಾ ಮಾರುವವನ ಮಗ ಫಕ್ರು, ಮಾತಾಡಿದ್ದನ್ನೆಲ್ಲ ತಿಳಿದುಕೊಳ್ಳುವ ಹೀರಾ ಎಂಬ ಕುದುರೆ. ತಾಜ್ ಬಾವಡಿ ಎಂಬ ದೊಡ್ಡ ಬಾವಿಯ ಮೆಟ್ಟಿಲುಗಳು ನೀರಿನೊಳಗೂ ಇಳಿಯುತ್ತ ಹೋಗಿ ಇನ್ನೊಂದು ಬಿಜಾಪುರ ತಲುಪುತ್ತವೆ. ಅಲ್ಲಿ ಮಿನಾರುಗಳು ತಲೆಕೆಳಗಾಗಿ ತೂಗುತ್ತವೆ, ಅಲ್ಲಿನ ರಾಣಿ ಮೇಲಿನವರ ದನಿಗಳನ್ನು ಕದ್ದು ಒಡವೆ ಮಾಡಿ ತೊಡುತ್ತಾಳೆ. ಗುಮ್ಮಟದಲ್ಲಿ ಕೂಗಿದರೆ ದನಿ ಏಳು ಸಲ ಮರಳುತ್ತದಲ್ಲ, ಎಂಟನೆಯದು ಯಾಕೆ ಮರಳುವುದಿಲ್ಲ ಎಂದರೆ ಅದು ರಾಣಿಯ ಪಾಲು. ಮೂರನೇ ಪುಸ್ತಕದ ಕೊನೆಗೆ ಇಡೀ ಊರಿನ ದನಿ ಬಿಡಿಸಿಕೊಳ್ಳಲು ಗಂಗೂ ತನ್ನ ದನಿಯನ್ನೇ ಕೊಟ್ಟು ಮೇಲೆ ಬರುತ್ತಾಳೆ. ಕಟ್ಟಕಡೆಯ ಪುಟದಲ್ಲಿ ಅದು ಅವಳಿಗೆ ಮರಳಿ ಸಿಗುತ್ತದೆ.

ಆ ಬೇಸಿಗೆಯೆಲ್ಲ ಅಕ್ಕ ಓದುತ್ತಿದ್ದಳು, ನಾನು ಕೇಳುತ್ತಿದ್ದೆ. ನನಗೆ ಓದಲು ಬರುತ್ತಿರಲಿಲ್ಲವೆಂದಲ್ಲ. ಅವಳು ಓದಿದರೆ ರಾಣಿಗೆ ರಾಣಿಯ ದನಿ, ಕುದುರೆಗೆ ಕುದುರೆಯ ದನಿ. ನಮ್ಮೂರಿನಿಂದ ಬಿಜಾಪುರಕ್ಕೆ ಬಸ್ಸಿನಲ್ಲಿ ಅರ್ಧ ದಿನದ ದಾರಿ, ಆದರೆ ನಾವು ಯಾರೂ ಅಲ್ಲಿಗೆ ಹೋದವರಲ್ಲ. ಆದರೂ ಗಾಂಧಿ ಚೌಕದಿಂದ ಬಾರಾ ಕಮಾನಿಗೆ ಹೇಗೆ ಹೋಗಬೇಕು, ಉಪ್ಪಲಿ ಬುರುಜಿನ ಮೇಲೆ ನಿಂತರೆ ಗುಮ್ಮಟ ಯಾವ ದಿಕ್ಕಿಗೆ ಕಾಣುತ್ತದೆ, ಎಲ್ಲ ನಮಗೆ ಬಾಯಿಪಾಠ. ನಾನು ಮುಂದೆ ಭೂಗೋಳದ ಶಿಕ್ಷಕಿಯಾದದ್ದು ಅದರಿಂದಲೇ ಇರಬೇಕು. ನಕಾಶೆಯಲ್ಲೇ ಇಲ್ಲದ ಊರಿನಲ್ಲಿ ಕೂತು ಭೂಗೋಳ ಕಲಿಸುತ್ತೇನೆಂದು ಜನ ನನ್ನನ್ನು ನೋಡಿ ನಗಾಡುತ್ತಾರೆ.

ವರ್ಷ ಕಳೆದಂತೆ ಗಂಗೂ ನಮ್ಮ ಜೊತೆಗೇ ದೊಡ್ಡವಳಾದಳು. ಮೂರೂ ಪುಸ್ತಕಗಳಲ್ಲಿ ಅವಳು ಒಟ್ಟೊಟ್ಟಿಗೆ ಬೆಳೆಯುತ್ತಿದ್ದಳು. ಮೊದಲನೆಯದರಲ್ಲಿ ಅವಳ ಮನೆಯ ಸುದ್ದಿ, ಎರಡನೆಯದರಲ್ಲಿ ಬಾವಡಿ, ಮೂರನೆಯದರಲ್ಲಿ ಊರು. ಆಮೇಲೆ ನಾವು ಓದುವುದನ್ನು ಬಿಟ್ಟೆವು, ಎಲ್ಲ ಮಕ್ಕಳೂ ಬಿಡುವ ಹಾಗೆ. ಅಕ್ಕನಿಗೆ ಇಪ್ಪತ್ತಾದಾಗ ಬಿಜಾಪುರದಿಂದ ಒಂದು ಸಂಬಂಧ ಬಂತು. ಹುಡುಗ ಸೈಕಲ್ ಅಂಗಡಿಯವನು, ಹೆಸರು ಮಹಾರುದ್ರ. ಹುಡುಗನ ಫೋಟೋ ತೋರಿಸುವ ಮೊದಲೇ ಅಕ್ಕ ಹೂಂ ಅಂದುಬಿಟ್ಟಳು. ಅವ್ವನಿಗೆ ಆಶ್ಚರ್ಯ, ಅಪ್ಪನಿಗೆ ಸಮಾಧಾನ. ಯಾಕೆಂದು ಗೊತ್ತಿದ್ದದ್ದು ನನಗೊಬ್ಬಳಿಗೆ. ಹೋಗುವ ದಿನ ಮೊದಲ ಎರಡು ಪುಸ್ತಕ ಟ್ರಂಕಿಗೆ ಹಾಕಿಕೊಂಡು, ಮೂರನೆಯದನ್ನು ನನ್ನ ಕೈಗೆ ಕೊಟ್ಟಳು. "ಇದು ಇಲ್ಲೇ ಇರ್ಲಿ. ಮೂರೂ ಒಯ್ದ್ರ ನೀ ಯಾಕ ಬರ್ತಿ?" ಎಂದಳು.

ನಾನು ಹೋಗಿಬರುತ್ತಿದ್ದೆ, ಬಾಣಂತನಕ್ಕೆ, ಹಬ್ಬಕ್ಕೆ. ಪುಸ್ತಕದ ಮಾತು ಮಾತ್ರ ಇಬ್ಬರೂ ಎತ್ತಿರಲಿಲ್ಲ. ಅದು ನನ್ನ ಕಪಾಟಿನಲ್ಲಿ ಸೀರೆಗಳ ಕೆಳಗೆ ಹಾಗೆಯೇ ಇತ್ತು. ಒಳಗೆ ಅವಳಿಗೂ ವಯಸ್ಸಾಗುತ್ತಿತ್ತು, ಹೊರಗೆ ನನಗೂ.

ಹೊರಡುವ ಬೆಳಿಗ್ಗೆ ನಮ್ಮವರು ಬಾಗಿಲಲ್ಲಿ ನಿಂತು, "ಒಯ್ಯೂದಕ್ಕಿಂತ ಮೊದ್ಲ ಒಂದ್ಸಲ ತಗದ ನೋಡು" ಎಂದರು. "ಅಕಿ ಜೀವಂತ ಅದಾಳೋ ಇಲ್ಲೋ ತಿಳೀದ ಆಪರೇಶನ್ ಆಗಾಕಿ ಕೈಯಾಗ ಕೊಡಬ್ಯಾಡ." ಇಂಥದನ್ನು ಅವರು ಗ್ರಂಥಾಲಯದಲ್ಲಿ ಬಹಳ ನೋಡಿದ್ದಾರೆ. ಹೊಸ ಪ್ರತಿ ಎಲ್ಲಾದರೂ ಸಿಗುತ್ತದೆಯೇ ಎಂದು ಅವರು ನಾಲ್ಕು ಊರಿಗೆ ಫೋನ್ ಮಾಡಿ ವಿಚಾರಿಸಿದ್ದರು. ಅಚ್ಚು ಹಾಕಿದವರ ಅಂಗಡಿಯೇ ಎಂದೋ ಮುಚ್ಚಿತ್ತು. ಬರೆದವರ ಹೆಸರು ನಮ್ಮ ಪ್ರತಿಯಲ್ಲಿ ರಟ್ಟಿನ ಜೊತೆಗೇ ಹರಿದುಹೋಗಿತ್ತು.

ಬಸ್ಸು ನಮ್ಮೂರಿನ ಗಡಿಕಲ್ಲು ದಾಟಿದ ಮೇಲೆ ಪುಸ್ತಕ ತೆರೆದೆ. ಕಲ್ಲಿನಾಚೆ ಪುಸ್ತಕಗಳು ಇದ್ದಲ್ಲೇ ನಿಲ್ಲುತ್ತವೆ. ಇನ್ನು ಮುಂದೆ ಏನಾದರೂ ಆಗುವ ಭಯವಿಲ್ಲ, ಆಗಿಹೋಗಿದ್ದರೆ ಮಾತ್ರ. ಮೊದಲ ಪುಟದಲ್ಲೇ ಗಂಗೂ ಸಿಕ್ಕಳು. ಜೀವಂತವಾಗಿದ್ದಳು. ನನ್ನ ಎದೆಯ ಭಾರ ಇಳಿಯಿತು. ಐವತ್ತರ ಹತ್ತಿರದ ಹೆಂಗಸು, ಕಟ್ಟೆಯ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಎರಡು ಪುಟ ಅದೇ. ಆಮೇಲೆ ನಳದ ನೀರು ಬರಲಿಲ್ಲವೆಂದು ಓಣಿಯವರ ಜೊತೆ ಮಾತು. ಹೀರಾ ಸತ್ತು ಎಷ್ಟೋ ಕಾಲವಾಗಿತ್ತು, ಲಾಯದಲ್ಲಿ ಈಗ ಫಕ್ರುವಿನ ಆಟೋ ನಿಲ್ಲುತ್ತಿತ್ತು. ಫಕ್ರು ದಪ್ಪಗಾಗಿದ್ದ. ಬದನೆಕಾಯಿ ಕೊಳ್ಳುವಾಗ ಹುಳುಕು ನೋಡಿ ಕೊಳ್ಳಲಿಲ್ಲವೆಂದು ಅವಳು ಅವನನ್ನು ಒಂದು ಅಧ್ಯಾಯ ಪೂರ್ತಿ ಬೈದಿದ್ದಳು. ಬಾವಡಿಯ ಸುದ್ದಿಯಿಲ್ಲ, ರಾಣಿಯ ಸುದ್ದಿಯಿಲ್ಲ. ನಾನು ಬಸ್ಸಿನ ಕಿಟಕಿಗೆ ಒರಗಿ ಕೂತುಬಿಟ್ಟೆ. ದನಿ ಕಳೆದುಕೊಳ್ಳಲಿರುವ ಅಕ್ಕನಿಗೆ ಈ ಬದನೆಕಾಯಿ ಓದಿ ಹೇಳುವುದೇ? ದಾರಿಯಲ್ಲೇ ಒಂದು ನಿರ್ಧಾರ ಮಾಡಿದೆ. ಹಳೆಯ ಕಥೆ ನನಗೆ ಬಾಯಿಪಾಠವಿತ್ತು. ಪುಸ್ತಕ ಕೈಯಲ್ಲಿ ಹಿಡಿದು ಅದನ್ನೇ ಹೇಳುತ್ತೇನೆ.

ನಿಲ್ದಾಣಕ್ಕೆ ಮಾಮಾ ಬಂದಿದ್ದರು. ಮಾಮಾ ಎಂದರೆ ಅಕ್ಕನ ಗಂಡ. ಅವರದು ಮಾತು ಬಹಳ ಕಡಿಮೆ. "ಬಂದ್ಯಾ?" ಎಂದು ಕೇಳಿ, ನನ್ನ ಚೀಲ ಸೈಕಲ್ಲಿಗೆ ಸಿಕ್ಕಿಸಿ, ಮನೆ ಬರುವವರೆಗೂ ಇನ್ನೊಂದು ಮಾತಾಡಲಿಲ್ಲ. ಅಕ್ಕ ಒಣಗಿಹೋಗಿದ್ದಳು. ಕಣ್ಣು ಮಾತ್ರ ಮೊದಲಿನಂತೆಯೇ ಇತ್ತು. ಮೊದಲ ದಿನ ಅವಳು ಪುಸ್ತಕ ಕೇಳಲಿಲ್ಲ. "ನಾಳೆ ಹೊರಗ ಹೋಗೂಣು. ಮಾತ ಇರೂದ್ರಾಗ ನಿನಗ ನನ್ನ ಊರ ತೋರಸ್ತೀನಿ" ಎಂದಳು.

ಮರುದಿನ ಆಟೋದಲ್ಲಿ ಹೋದೆವು. ಗುಮ್ಮಟದ ಹುಲ್ಲಿನ ಮೇಲೆ ಬೇವಿನ ನೆರಳಿನಲ್ಲಿ ಕೂತೆವು. ಮೇಲೆ ಹತ್ತೋಣವೇ ಎಂದು ನಾನೇ ಕೇಳಿದೆ. ಅಕ್ಕ ಕೈ ಮುಗಿದಳು. "ಅಷ್ಟ ಮೆಟ್ಟಲಾ ಹತ್ತಿ ಅಲ್ಲಿ ಏನಂತ ಒದರ್ಲಿ? ಇದ್ದ ದನೀನೂ ಅಲ್ಲೇ ಬಿಟ್ಟ ಬಂದೇನು." ಒಳಗಿನಿಂದ ಶಾಲೆಯ ಮಕ್ಕಳ ಕೂಗು ಕೇಳಿಬರುತ್ತಿತ್ತು. "ಹುಚ್ಚ ಹುಡುಗ್ರು, ಸುಮ್ಮಸುಮ್ಮನ ಗಂಟಲಾ ಹರಕೋತಾವ" ಎಂದು ಗೊಣಗಿ ಬುತ್ತಿ ಬಿಚ್ಚಿದಳು. ಸಜ್ಜೆರೊಟ್ಟಿ, ಹೆಸರುಕಾಳಿನ ಪಲ್ಯ. ತಾನು ತಿನ್ನಲಿಲ್ಲ, ನುಂಗಲು ಆಗುತ್ತಿರಲಿಲ್ಲ.

ಅಲ್ಲಿಂದ ತಾಜ್ ಬಾವಡಿಗೆ ಹೋದೆವು. ದೊಡ್ಡ ಕಮಾನಿನ ಕೆಳಗೆ, ನೀರಿಗೆ ಇಳಿಯುವ ಮೆಟ್ಟಿಲಿನ ಮೇಲೆ ಕೂತಾಗ ಅಕ್ಕ ನಾನು ಕೇಳದೇ ಇದ್ದದ್ದನ್ನು ಹೇಳಿದಳು.

"ಮದಿವ್ಯಾಗಿ ಬಂದ ಎರಡನೇ ದಿನ ಇವರಿಗಿ ಇಲ್ಲಿಗಿ ಕರಕೊಂಡ ಹೋಗ್ರಿ ಅಂದ್ನಿ. ಹೊಸಾ ಸೀರಿ, ಕೈತುಂಬ ಬಳಿ. ಸೀರಿ ಎತ್ತಿ ನೀರಾಗ ಕಾಲ ಇಟ್ನಿ. ಒಂದ ಮೆಟ್ಟಲಾ ಸಿಕ್ಕಿತು. ಇನ್ನೊಂದ ಸಿಕ್ಕಿತು. ಮೂರನೇದಕ್ಕ ಸೊಂಟಮಟಾ ಬಂತು ನೀರು."

"ಮಾಮಾರು?"

"ನನ್ನ ಚಪ್ಪಲಿ ಕೈಯಾಗ ಹಿಡಕೊಂಡ ಅಲ್ಲೇ ನಿಂತಿದ್ರು. ಏನ ಹುಡುಕ್ತಿ ಅಂತ ಕೇಳಲಿಲ್ಲ. ಸಾಕ ಬಾ ಅಂತ ಕರೀಲೂ ಇಲ್ಲ. ನಾನ ಮ್ಯಾಲ ಬಂದ ಮ್ಯಾಲ, ಟಾವೆಲ್ ಕೊಟ್ಟು, ಚಾ ಕುಡೀತಿ ಏನ ಅಂದ್ರು." ಅಕ್ಕ ನಕ್ಕಳು, ನಗುವೂ ಒಡೆದಿತ್ತು. "ನಾ ಊರಿಗಿ ಮದಿವ್ಯಾದಾಕಿ, ದಾನೂ. ಇವರಿಗಲ್ಲ. ಊರ ನಾಕ ದಿನಕ್ಕ ಹಳೇದಾತು. ಇವರು ಉಳದ್ರು."

ನಾನು ನೀರನ್ನೇ ನೋಡುತ್ತಿದ್ದೆ. ಮೂರನೆಯ ಮೆಟ್ಟಿಲು ಕಾಣುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ನನ್ನ ವಯಸ್ಸಿಗೂ, ಭೂಗೋಳ ಕಲಿಸುವ ಕೆಲಸಕ್ಕೂ ತಕ್ಕದ್ದಲ್ಲದಿದ್ದರೂ, ನನಗೂ ಒಂದು ಕಾಲು ಇಟ್ಟು ನೋಡಬೇಕೆನ್ನಿಸಿತು. ಕಾವಲುಗಾರ ನೋಡುತ್ತಿದ್ದುದರಿಂದ ಸುಮ್ಮನಾದೆ.

ಆಪರೇಶನ್ನಿನ ಹಿಂದಿನ ಮಧ್ಯಾಹ್ನ, ಆಸ್ಪತ್ರೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತು ಅಕ್ಕ, "ತಗಿ ಪುಸ್ತಕ" ಎಂದಳು. "ನಾನ ಓದ್ತೀನಿ ಅಂತ ಮಾಡಿದ್ದೆ. ಭಾಳ ಹೊತ್ತ ಆಗೂದಿಲ್ಲ. ನೀನ ಓದು." ಮಾಮಾ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದರು.

ನಾನು ಪುಸ್ತಕ ಬಿಡಿಸಿ ಹಿಡಿದು ಶುರುಮಾಡಿದೆ. ರಾಣಿಯ ಅಂಗಳದಲ್ಲಿ ಮಿನಾರುಗಳು ತಲೆಕೆಳಗಾಗಿ ತೂಗುತ್ತಿದ್ದವು. ಊರಿನ ದನಿಗಳೆಲ್ಲ ಅವಳ ಕೊರಳಲ್ಲಿ ಸರವಾಗಿ ಮಿಣಮಿಣ ಎನ್ನುತ್ತಿದ್ದವು. "ಬದಲಿಗೆ ಏನು ಕೊಡುತ್ತೀ ಹುಡುಗಿ?" ಎಂದು ರಾಣಿ ಕೇಳಿದಳು. ಹನ್ನೆರಡು ವರ್ಷದ ಗಂಗೂ ತನ್ನ ಗಂಟಲನ್ನು ಮುಟ್ಟಿಕೊಂಡಳು. ನನ್ನ ನೆನಪಿನಲ್ಲಿ ಒಂದು ಶಬ್ದವೂ ತಪ್ಪಿರಲಿಲ್ಲ. ದನಿ ಮರಳುವ ಪುಟಕ್ಕೆ ಬೇಗ ಬೇಗ ಬರುತ್ತಿದ್ದೆ. ಅಕ್ಕ ಕಣ್ಣು ಮುಚ್ಚಿ ಕೇಳುತ್ತಿದ್ದಳು. ನನಗೆ ಸಮಾಧಾನವಾಯಿತು.

"ದಾನೂ" ಎಂದಳು ಕಣ್ಣು ತೆರೆಯದೆ. "ನೀ ಹಾಳಿ ತಿರುವವಲ್ಲಿ."

ನಾನು ಪುಸ್ತಕ ಕೆಳಗಿಳಿಸಿದೆ.

"ಅದು ಹಳೇ ಕಥಿ. ಅಕಿ ಈಗ ಹನ್ನೆರಡು ವರ್ಸದಾಕಿ ಅಲ್ಲ. ನಾನೂ ಅಲ್ಲ." ಅವಳು ಕೈ ಚಾಚಿದಳು. "ಅಕಿ ಸತ್ತಾಳೇನು?"

"ಇಲ್ಲಕ್ಕಾ, ಅದಾಳ. ಆದ್ರ ಅದರಾಗ ಏನೂ ಇಲ್ಲ. ಬರೇ ಮೊಣಕಾಲ ನೋವು, ಬದನಿಕಾಯಿ. ನಿನಗ ಇವತ್ತ ಅದನ್ನ ಹ್ಯಾಂಗ ಓದ್ಲಿ ಅಂತ..."

"ಬದನಿಕಾಯಿ?" ಅಕ್ಕನ ಕಣ್ಣು ತೆರೆಯಿತು. "ಕೊಡ ಇಲ್ಲಿ."

ಚಷ್ಮಾ ಹಾಕಿಕೊಂಡು ಅವಳೇ ಓದತೊಡಗಿದಳು. ದನಿ ಸೀಳಿಸೀಳಿ ಬರುತ್ತಿತ್ತು. ಎರಡು ಸಾಲಿಗೊಮ್ಮೆ ನೀರು ಗುಟುಕರಿಸುತ್ತಿದ್ದಳು. ಆದರೂ ಫಕ್ರುವಿಗೆ ಫಕ್ರುವಿನ ದನಿ, ಓಣಿಯ ಹೆಂಗಸರಿಗೆ ಅವರವರ ದನಿ. ಬಸ್ಸಿನಲ್ಲಿ ನನಗೆ ಸಪ್ಪೆಯೆನ್ನಿಸಿದ್ದ ಬದನೆಕಾಯಿಯ ಜಗಳ ಅವಳ ಬಾಯಿಯಲ್ಲಿ ಎಷ್ಟು ಚೆನ್ನಾಗಿತ್ತೆಂದರೆ ಪಕ್ಕದ ಮಂಚದ ಮುದುಕಿ ಹೊರಳಿ ಮಲಗಿ ಕೇಳತೊಡಗಿದಳು. ನಾನು ಓದದೆ ಬಿಟ್ಟಿದ್ದ ಪುಟಗಳೂ ಬಂದವು. ಒಂದು ಕಡೆ ಓಣಿಯ ಹುಡುಗಿಯೊಬ್ಬಳು ಕಟ್ಟೆಗೆ ಬಂದು, "ಗಂಗವ್ವಾಯಿ, ನೀ ಸಣ್ಣಾಕಿದ್ದಾಗ ದನಿ ಯಾರಿಗೋ ಕೊಟ್ಟಿದ್ದೆಂತ, ಖರೇ ಏನ?" ಎಂದು ಕೇಳುತ್ತಾಳೆ. ಗಂಗೂ ಎಣ್ಣೆ ಸೀಸೆಯ ಮುಚ್ಚಳ ತಿರುಗಿಸುತ್ತ ಹೂಂ ಎನ್ನುತ್ತಾಳೆ.

"ಮತ್ತ ಏನ ಮಾಡಿದಿ?"

"ಮೊದ್ಲ ಸಿಟ್ಟ ಬಂತು. ನಾಕ ದಿನ ಯಾರ ಮಾರಿ ನೋಡ್ಲಿಲ್ಲ. ಆಮ್ಯಾಲ ಹಸಿವಿ ಆತು. ತಾಟು ತಗೊಂಡ ಬಡದ್ನಿ."

"ಅಷ್ಟ?"

"ಅಷ್ಟ. ರೊಟ್ಟಿ ಕೊಟ್ರು."

ಅಕ್ಕನಿಗೆ ನಗು ಬಂತು. ನಗುತ್ತ ಕೆಮ್ಮು, ಕೆಮ್ಮುತ್ತ ಕಣ್ಣಲ್ಲಿ ನೀರು. ನರ್ಸಮ್ಮ ಓಡಿಬಂದು ಮಾತಾಡಿಸಬೇಡಿ ಎಂದು ನನಗೆ ಗದರಿದಳು. ಅಕ್ಕ ಪುಸ್ತಕವನ್ನು ಎದೆಯ ಮೇಲೆ ಮಗುಚಿ ಹಾಕಿಕೊಂಡು ಬಹಳ ಹೊತ್ತು ಮಲಗಿದ್ದಳು. ಆಮೇಲೆ, ಬಹುಶಃ ತನ್ನ ದನಿಯಲ್ಲಿ ನನಗೆ ಹೇಳಿದ ಕಡೆಯ ದೊಡ್ಡ ಮಾತು, ಹೀಗೆ ಹೇಳಿದಳು:

"ನನ್ನ ಟ್ರಂಕಿನಾಗ ಇದ್ದ ಎರಡನೇ ಪುಸ್ತಕ ನಾ ಭಾಳ ಸಲ ಓದೀನಿ. ಇಲ್ಲಿ ವಯಸ್ಸ ಆಗೂದಿಲ್ಲಲ್ಲ. ಇಪ್ಪತ್ತೊಂದರಾಗ ನಿಂತ ಬಿಟ್ಟಾಳ ಗಂಗೂ. ಮನ್ಯಾಗ ಲಗ್ನದ ಮಾತ ನಡದೈತಿ. ಅಕಿ ಬಾವಡಿ ಮೆಟ್ಟಲಾ ಮ್ಯಾಲ ಬಂದ ನಿಂತಾಳ, ಒಂದ ಕಾಲ ನೀರಾಗ. ಕೆಳಗ ಹೋಗ್ತಾಳೋ, ಮನಿಗಿ ಹೋಗ್ತಾಳೋ ಗೊತ್ತಾಗೂದಿಲ್ಲ. ಅಲ್ಲಿಗೆ ಪುಸ್ತಕ ಮುಗೀತದ. ನಂಗ ಏನರ ಬ್ಯಾಸರ ಆದಾಗೆಲ್ಲ ತಗದ ನೋಡ್ತಿದ್ನಿ. ಪ್ರತಿ ಸಲ ಅಲ್ಲೇ ನಿಂತಿರ್ತಾಳ, ಪಾಪ."

ಮಾಮಾ ಸ್ಟೂಲಿನ ಮೇಲಿಂದ ತಲೆಯೆತ್ತಿ ಅವಳನ್ನು ನೋಡಿದರು.

ಆಪರೇಶನ್ ಚೆನ್ನಾಗಿಯೇ ಆಯಿತು. ಎಚ್ಚರವಾದ ಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಅಕ್ಕನ ಕುತ್ತಿಗೆಯ ಬುಡದಲ್ಲಿ ಉಸಿರಿಗೆಂದು ಒಂದು ತೂತು ಮಾಡಿದ್ದರು. ಅವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಬರೆಯಲೆಂದು ಪಾಟಿ ಕೊಟ್ಟರೆ ದೂಡಿದಳು. ಬಾಯಿ ಆಡಿಸುವುದು, ನಮಗೆ ತಿಳಿಯದಿರುವುದು, ಅವಳು ಕಣ್ಣು ಮುಚ್ಚುವುದು. ನಾನು ತಿಳಿದವಳಂತೆ ತಲೆಯಾಡಿಸಿದರೆ ಅವಳಿಗೆ ಇನ್ನೂ ಸಿಟ್ಟು. ಒಂದು ದಿನ ನಾನು ಹೊರಗೆ ಹೋಗಿ ನೆರಳಿನಲ್ಲಿ ನಿಂತು ಅತ್ತು ಬಂದೆ. ವಾಪಸು ಬಂದಾಗ ಮಾಮಾ ಮಂಚದ ಕೆಳಗೆ ಕೂತು ಪಾನಾ ಹಿಡಿದು ಏನೋ ಬಿಗಿಯುತ್ತಿದ್ದರು. ಅಂಗಡಿಯಿಂದ ಹೊಸ ಸೈಕಲ್ ಗಂಟೆ ತಂದು, ಅಕ್ಕನ ಬಲಗೈಗೆ ಸಿಗುವ ಹಾಗೆ ಮಂಚದ ಸರಳಿಗೆ ಕಟ್ಟಿದ್ದರು. ತಾವೇ ಒಮ್ಮೆ ಬಾರಿಸಿ ತೋರಿಸಿದರು. ಇಡೀ ವಾರ್ಡು ತಿರುಗಿ ನೋಡಿತು.

ಅಕ್ಕ ಅದನ್ನು ಮುಟ್ಟಲಿಲ್ಲ. ಸಂಜೆಯವರೆಗೂ ಮುಟ್ಟಲಿಲ್ಲ. ಸಂಜೆ ನಾನು ಬಾಗಿಲಲ್ಲಿ ಪಕ್ಕದ ಮುದುಕಿಯ ಸೊಸೆಯ ಜೊತೆ ಮಾತಾಡುತ್ತಿದ್ದಾಗ ಹಿಂದಿನಿಂದ ಟ್ರಿಣ್ ಟ್ರಿಣ್ ಎಂದು, ಸಂತೆಯಲ್ಲಿ ದಾರಿ ಬಿಡದ ಜನರಿಗೆ ಬಾರಿಸಿದ ಹಾಗೆ, ಕೇಳಿಸಿತು. ತಿರುಗಿ ನೋಡಿದರೆ ಅಕ್ಕ ಎದ್ದು ಕೂತಿದ್ದಳು. ಹಾಲಿನ ಲೋಟ ತೋರಿಸಿ, ಮೇಲೆ ಕಟ್ಟಿದ ಕೆನೆ ತೆಗೆ ಎಂದು ಬೆರಳಲ್ಲಿ ಸನ್ನೆ ಮಾಡಿದಳು. ಆಗಿನ್ನೂ ಅವಳಿಗೆ ಹಾಲು ಹೋಗುತ್ತಿದ್ದದ್ದು ಮೂಗಿನ ನಳಿಗೆಯಲ್ಲಿ, ಆದರೂ ಕೆನೆ ಕಂಡರೆ ಅವಳಿಗೆ ಆಗದು. ಮಾಮಾ ನಿಧಾನವಾಗಿ ಕೆನೆ ತೆಗೆದರು.

ಅಲ್ಲಿಂದ ಮುಂದೆ ಒಂದು ವಿಚಿತ್ರ ನೋಡಿದೆ. ಅಕ್ಕನ ತುಟಿಯ ಮಾತು ನನಗೆ ಅರ್ಧ ತಿಳಿದರೆ ಮಾಮಾರಿಗೆ ಪೂರ್ತಿ ತಿಳಿಯುತ್ತಿತ್ತು. ಇಷ್ಟು ವರ್ಷ ಮಾತಾಡದೆ ಅವಳ ಮುಖವನ್ನೇ ನೋಡುತ್ತಿದ್ದರಲ್ಲ. ಡಾಕ್ಟರ್ ಬಂದರೆ, ನೆಂಟರು ಬಂದರೆ, ಅಕ್ಕ ತುಟಿ ಆಡಿಸುವಳು, ಮಾಮಾ ಹೇಳುವರು. ಅವಳು ಬೈದರೆ ಬೈಗುಳವನ್ನೂ ಬಿಡದೆ ಹೇಳುವರು. "ನೀವ ತಂದ ಸೇಬು ಮಾಗಿಲ್ಲ, ನಿಮಗ ಮೋಸ ಮಾಡ್ಯಾರ ಅಂತಾಳ" ಎಂದು ತಮ್ಮ ಸ್ವಂತ ಅಣ್ಣನಿಗೇ ಗಂಭೀರವಾಗಿ ಹೇಳಿದ್ದನ್ನು ಕೇಳಿ ನಾನು ಸೆರಗು ಬಾಯಿಗೆ ಹಿಡಿದುಕೊಂಡೆ. ಮನೆಗೆ ಕರೆತಂದ ಮೇಲೆ ಓಣಿಯವರೆಲ್ಲ ಅದನ್ನೇ ಆಡಿಕೊಂಡರು, ಮಹಾರುದ್ರಣ್ಣ ಈಗ ಇಬ್ಬರ ಮಾತೂ ಆಡುತ್ತಾನೆ ಎಂದು.

ನನ್ನ ರಜೆ ಮುಗಿದಿತ್ತು. ಹೊರಡುವ ಬೆಳಿಗ್ಗೆ ಅಕ್ಕ ಟ್ರಂಕು ತೆಗೆಸಿ, ಮೊದಲ ಎರಡು ಪುಸ್ತಕಗಳನ್ನು ತಾನೇ ಒರೆಸಿ ನನ್ನ ಚೀಲದಲ್ಲಿ ಇಟ್ಟಳು. ಮೂರನೆಯದನ್ನು ತನ್ನ ದಿಂಬಿನ ಕೆಳಗೆ ಸೇರಿಸಿದಳು.

"ಬ್ಯಾಡಕ್ಕಾ" ಎಂದೆ. "ಅಲ್ಲಿ ಒಯ್ದ್ರ ಅಕಿಗಿ ವಯಸ್ಸ ಆಗ್ತೈತಿ. ಗಡಿಕಲ್ಲ ದಾಟಿದ ಕೂಡ್ಲೆ ಶುರು ಆಗ್ತೈತಿ. ಮತ್ತ ನೀ ನೋಡ್ಬೇಕಂದ್ರ ಆ ಹುಡುಗಿ ಸಿಗೂದಿಲ್ಲ."

ಅಕ್ಕ ತುಟಿ ಆಡಿಸಿದಳು. ನಿಧಾನವಾಗಿ ಆಡಿಸಿದ್ದರಿಂದ ನನಗೇ ತಿಳಿಯಿತು, ಆದರೂ ಮಾಮಾ ಹೇಳಿದರು: "ಎಷ್ಟ ದಿನ ನೀರಾಗ ನಿಲ್ತಾಳ ಅಕಿ, ಹೋಗ್ಲಿ ಬಿಡು ಅಂತಾಳ."

"ಮತ್ತ ಆ ಮೂರನೇದು?"

ಅಕ್ಕ ದಿಂಬು ತಟ್ಟಿ ಏನೋ ಹೇಳಿದಳು. ಮಾಮಾ ಅದನ್ನು ನೋಡಿ, ಹೇಳುವ ಮೊದಲು ತಾವೇ ನಕ್ಕರು. "ಇಕಿ ನನ್ನ ವಾರಗಿಯಾಕಿ, ನನ್ನ ಜೋಡಿ ಇರ್ಲಿ ಅಂತಾಳ. ಇಲ್ಲೇ ಇದ್ರ ಅಕಿಗಿ ಐವತ್ತ ದಾಟೂದಿಲ್ಲ. ನಾಕ ವರ್ಸ ಬಿಟ್ರ ನಾನ ಅಕಿಗಿ ಅಕ್ಕ ಆಗ್ತೀನಿ, ಮೊಣಕಾಲಿಗಿ ಏನ ಹಚ್ಚಬೇಕಂತ ನಾನ ಹೇಳ್ತೀನಿ ಅಂತಾಳ."

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ನಮ್ಮೂರಿನ ಗಡಿಕಲ್ಲು ಹತ್ತಿರವಾದಾಗ ಇಳಿದುಬಿಡೋಣ ಎನ್ನಿಸಿತು. ಇಪ್ಪತ್ತೊಂದು ವರ್ಷದ ಒಬ್ಬ ಹುಡುಗಿಯನ್ನು ನಾನು ಈಗ ಮುಪ್ಪಿನ ದಾರಿಗೆ ಹಚ್ಚುತ್ತಿದ್ದೆ. ಡ್ರೈವರ್ ಏನೂ ತಿಳಿಯದೆ ಕಲ್ಲು ದಾಟಿಸಿದ. ಚೀಲ ಇದ್ದಂತೆಯೇ ಇತ್ತು.

ಮನೆಗೆ ಬಂದು ಪುಸ್ತಕಗಳನ್ನು ಕಪಾಟಿನಲ್ಲಿಟ್ಟೆ, ಆದರೆ ಈ ಸಲ ಸೀರೆಗಳ ಕೆಳಗಲ್ಲ, ಎದುರಿಗೇ. ತೆರೆಯಬೇಕೆಂದು ಕೈ ಹೋದಾಗಲೆಲ್ಲ ನಮ್ಮವರು, "ತಡಿ, ಇಷ್ಟ ಗಡಿಬಿಡಿ ಮಾಡಿದ್ರ ಅಕಿ ಏನ ಮಾಡ್ಯಾಳು? ಪುಸ್ತಕದಾಗಿನ ಮಂದೀಗೂ ಟೈಮ್ ಬೇಕಾಗ್ತೈತಿ" ಎನ್ನುತ್ತಿದ್ದರು. ಮಳೆಗಾಲ ಹೋಯಿತು, ಚಳಿ ಬಂತು. ಅಕ್ಕ ಈಗ ಮೆತ್ತಗಿನ ಅನ್ನ ತಿನ್ನುತ್ತಾಳೆ, ಸಂತೆಗೂ ಹೋಗುತ್ತಾಳೆ ಎಂದು ಮಾಮಾ ಫೋನಿನಲ್ಲಿ ಹೇಳುತ್ತಿದ್ದರು. ಮತ್ತೆ ಜೂನ್ ಹತ್ತಿರ ಬಂತು, ಶಾಲೆಗೆ ಹೊಸ ಪುಸ್ತಕಗಳ ಗಂಟು ಬಂತು. ಒಂದು ಭಾನುವಾರ ಮುಂಜಾನೆ ನಾನೇ ಫೋನ್ ಹಚ್ಚಿದೆ. ಮಾಮಾ ಅದನ್ನು ಜೋರಾಗಿ ಕೇಳುವ ಹಾಗೆ ಮಾಡಿ ಅಕ್ಕನ ಮುಂದೆ ಇಟ್ಟರು. ನಾನು ಎರಡನೇ ಪುಸ್ತಕದ ಕೊನೆಯ ಅಧ್ಯಾಯ ತೆರೆದೆ.

ಬಾವಡಿಯ ಮೆಟ್ಟಿಲಿನ ಮೇಲೆ ಯಾರೂ ಇರಲಿಲ್ಲ. ನೀರು ಸುಮ್ಮನಿತ್ತು, ಒಂದು ಪಾರಿವಾಳ ಕುಡಿದು ಹಾರಿಹೋಯಿತು. ಓದಲೋ ಬೇಡವೋ ಎಂದು ತಡೆದೆ. ಆ ಕಡೆ ಅಕ್ಕನ ಉಸಿರು ಕುತ್ತಿಗೆಯ ತೂತಿನಿಂದ ಹೋಗಿಬರುವ ಸದ್ದು ಕೇಳಿಸುತ್ತಿತ್ತು. ಮುಂದಿನ ಪುಟ ಓದಿದೆ. ಬಾವಡಿಯ ಹೊರಗೆ, ಕಮಾನಿನ ನೆರಳಿನಲ್ಲಿ, ಒಂದು ಟಾಂಗಾ ನಿಂತಿತ್ತು. ಮುಂದೆ, ಅವಳ ಅಪ್ಪ ಕೂರುತ್ತಿದ್ದ ಜಾಗದಲ್ಲಿ, ಲಗಾಮು ಹಿಡಿದು ಗಂಗೂ ಕೂತಿದ್ದಳು. ಸೀರೆಯ ಅಂಚು ಇನ್ನೂ ಒದ್ದೆಯಾಗಿತ್ತು. ಹೆಣ್ಣುಮಗಳು ಟಾಂಗಾ ಹೊಡೆಯುತ್ತಾಳೆಯೇ ಎಂದು ಹತ್ತಲು ಹಿಂದೆಮುಂದೆ ನೋಡುತ್ತಿದ್ದ ಇಬ್ಬರು ಪ್ರವಾಸಿಗರಿಗೆ ಅವಳು ಹೇಳುತ್ತಿದ್ದಳು: "ಹತ್ತೂದಾದ್ರ ಹತ್ರಿ, ಇಲ್ಲಾಂದ್ರ ಕುದುರಿಗಿ ಬಿಸಲ ಹತ್ತತೈತಿ."

ಫೋನಿನಲ್ಲಿ ಪುಸಪುಸ ಎಂದು ಗಾಳಿಯ ಸದ್ದು ಬಂತು. ಮೊದಲು ನನಗೆ ಗಾಬರಿಯಾಯಿತು. "ಏನಾತ ಮಾಮಾರ?" ಎಂದೆ.

"ನಗ್ಲಾಕತ್ತಾಳ" ಎಂದರು ಮಾಮಾ. ಸ್ವಲ್ಪ ಹೊತ್ತು ಬಿಟ್ಟು, "ಟಾಂಗಾ ಎತ್ತಾಗ ಹೊಂಟೈತಿ ಅಂತ ಕೇಳ್ತಾಳ."

ನಾನು ಹಾಳೆ ತಿರುವಿ ನೋಡಿದೆ. ಪ್ರವಾಸಿಗರು ಹತ್ತಿ ಕೂತಿದ್ದರು, ಹೀರಾ ಕಿವಿ ನಿಮಿರಿಸಿತ್ತು.

"ಸ್ಟೇಷನ್ ಕಡೆ" ಎಂದೆ. "ಅವರನ್ನ ಇಳಿಸಿ ಊಟಕ್ಕ ಮನಿಗಿ ಹೋಗ್ತಾಳಂತ."